ಗೊಂಬೆಯ ಕಣ್ಣಿಗಿಟ್ಟ ಕರಿಮಣಿ

ಮಗ್ಗೆ
ಗುರುವಾರ ಮಧ್ಯಾಹ್ನ

ಪ್ರೀತಿಯ ಶ್ವೇತಾ,

ನೀನು ಕಳಿಸಿದ ಮೂರು ಮೆಸೇಜುಗಳೂ ನನ್ನ ಫೋನಿನಲ್ಲಿ ಹಾಗೇ ಇವೆ. "ಅಕ್ಕ, ಗೇಟಿನ ತನಕ ಬಂದಿದ್ರಂತೆ?" "ಅಕ್ಕ, ಹುಷಾರಿದೀರಾ?" ಆಮೇಲೆ ಬರೀ "ಅಕ್ಕ". ಎಂಟು ತಿಂಗಳಾಯಿತು. ಫೋನ್ ಮಾಡೋಣವೆಂದರೆ ನಿನ್ನ ದನಿ ಕೇಳಿದ ಕೂಡಲೇ ಏನಾದರೊಂದು ಸುಳ್ಳು ಹೇಳಿಬಿಡುತ್ತೇನೆ. ಬರೆಯುತ್ತಾ ಸುಳ್ಳು ಹೇಳುವುದಕ್ಕೆ ಹೆಚ್ಚು ಶ್ರಮ ಬೇಕು. ಅಷ್ಟು ತ್ರಾಣ ನನ್ನಲ್ಲಿ ಈಗಿಲ್ಲ, ಅದಕ್ಕೇ ಈ ಕಾಗದ.

ಸೊಂಟ ಮುರಿದುಕೊಂಡ ಅಮ್ಮನನ್ನು ನೋಡಿಕೊಳ್ಳಲು ನಾನು ಸ್ಕೂಲಿನ ಕೆಲಸ ಬಿಟ್ಟಾಗ ನೀನು, ಊರಲ್ಲಿ ಕೂತು ಗೊಂಬೆ, ಸರ ಎಲ್ಲ ಜೋರಾಗಿ ಮಾಡುತ್ತೀರಿ ಬಿಡಿ ಎಂದಿದ್ದೆ. ಒಂದೂ ಮಾಡಿಲ್ಲ. ಬೆಳಿಗ್ಗೆ ಅಮ್ಮನನ್ನು ಎಬ್ಬಿಸಿ ಕೂರಿಸುವುದರಿಂದ ಶುರುವಾದ ದಿನ, ಸಂಜೆ ಟ್ಯೂಷನ್ ಮಕ್ಕಳಿಗೆ ಗುರುತ್ವಾಕರ್ಷಣೆ ಹೇಳಿಕೊಡುವಷ್ಟರಲ್ಲಿ ನನ್ನನ್ನೇ ನೆಲಕ್ಕೆ ಎಳೆಯುತ್ತಿರುತ್ತದೆ. ಆದರೆ ಗೊಂಬೆ ಮುಟ್ಟದೆ ಇರುವುದಕ್ಕೆ ದಣಿವೊಂದೇ ಕಾರಣವಲ್ಲ.

ನಾವು ಶುರು ಮಾಡಿದ್ದು ನೆನಪಿದೆಯಲ್ಲ? ಕ್ರಾಫ್ಟ್ ಪೀರಿಯಡ್‌ಗೆಂದು ತಂತಿ ಬಗ್ಗಿಸಿ, ಹತ್ತಿ ಸುತ್ತಿ ಮಾಡಿದ ಮೊದಲ ಗೊಂಬೆ ಸೀರೆ ಉಟ್ಟ ಬದನೆಕಾಯಿಯ ಹಾಗಿತ್ತು. ಆಮೇಲೆ ಶನಿವಾರ ಸ್ಕೂಲು ಬಿಟ್ಟರೆ ಸ್ಟಾಫ್ ರೂಮಿನ ಮೇಜು ನಮ್ಮದೇ. ನೀನು ಹೊಲಿಯುವವಳು, ನಾನು ಆರಿಸಿ ತರುವವಳು. ಕೆಟ್ಟ ವಾಚಿನ ಚಕ್ರ, ಒಡೆದ ಬಳೆ, ಕಾಫಿ ಬೀಜ, ಹಳೆ ರೇಷ್ಮೆ ಸೀರೆಯ ಅಂಚು. ಬಸ್ ಸ್ಟ್ಯಾಂಡಿನಲ್ಲಿ ಬಿದ್ದಿದ್ದ ಹಿತ್ತಾಳೆ ವಾಷರ್ ಬಗ್ಗಿ ತೆಗೆದುಕೊಂಡಿದ್ದಕ್ಕೆ ನೀನು ನನ್ನನ್ನು ಗುಜರಿ ಗಿರಿಜಕ್ಕ ಎಂದು ಕರೆದೆ. ಆ ವಾಷರ್ ತಾಮ್ರದ ತಂತಿಯಲ್ಲಿ ಪದಕವಾದಾಗ ಹೆಡ್‌ಮೇಡಮ್ಮೇ ಹಾಕಿಕೊಂಡು ಓಡಾಡಿದರು. ನನ್ನ ಬದುಕಿನಲ್ಲಿ ಯಾರಿಗೂ ಉತ್ತರ ಕೊಡಬೇಕಿಲ್ಲದ ಹೊತ್ತು ಅದೊಂದೇ ಇತ್ತು.

ಈಗ ಹೇಳಬೇಕಾದ್ದು ಹೇಳುತ್ತೇನೆ.

ನಾಲ್ಕು ವರ್ಷದ ಹಿಂದೆ ಅಪ್ಪ ಲಿಂಗೈಕ್ಯರಾದ ದಿನ ಅಮ್ಮನ ತಾಳಿ ತೆಗೆದರು. ಚಿನ್ನವನ್ನು ಯಾರೋ ಜೋಪಾನವಾಗಿ ಬಟ್ಟೆಯಲ್ಲಿ ಗಂಟು ಕಟ್ಟಿ ಬೀರುವಿಗಿಟ್ಟರು. ಕರಿಮಣಿಗಳನ್ನು ಬಚ್ಚಲ ಹಿಂದೆ ಎಸೆದರು. ಸಂಜೆ ಎಲ್ಲರೂ ಹೋದ ಮೇಲೆ ನಾನು ಅವನ್ನು ಆರಿಸಿ, ತೊಳೆದು, ಗುಂಡಿ ಡಬ್ಬಿಗೆ ಹಾಕಿದೆ. ಯಾಕೆಂದು ಕೇಳಿದರೆ ಗೊತ್ತಿಲ್ಲ. ಬಿದ್ದದ್ದನ್ನು ಬಿಟ್ಟು ಬರುವುದು ನನ್ನ ಜಾಯಮಾನದಲ್ಲಿ ಇಲ್ಲ.

ಮರುವರ್ಷ ನಿಮ್ಮ ಗೃಹಪ್ರವೇಶಕ್ಕೆ ಗೊಂಬೆ ಮಾಡಿದೆನಲ್ಲ, ಹಸಿರು ಸೀರೆಯದು, ಅದಕ್ಕೆ ಕಣ್ಣು ಕೂರುತ್ತಲೇ ಇರಲಿಲ್ಲ. ಅಂಗಡಿಯ ಪ್ಲಾಸ್ಟಿಕ್ ಕಣ್ಣಿಟ್ಟರೆ ಪೊಲೀಸರನ್ನು ಕಂಡವಳ ಹಾಗೆ ಕಾಣುತ್ತಿತ್ತು. ಡಬ್ಬಿ ಕೆದಕಿದಾಗ ಅಮ್ಮನ ಮಣಿಗಳಲ್ಲಿ ತಾಳಿಯ ಎರಡು ಪಕ್ಕ ಇದ್ದ ದಪ್ಪ ಮಣಿಗಳು ಸಿಕ್ಕವು. ಇಟ್ಟು ನೋಡಿದೆ. ಗೊಂಬೆಗೆ ಜೀವ ಬಂತು. ವಿಧವೆಯ ತಾಳಿಯಿಂದ ತೆಗೆದ ಮಣಿಯನ್ನು ಹೊಸ ಮನೆಗೆ ಕೊಡಬಾರದೆಂದು ನನಗೆ ಹೊಳೆಯಲೇ ಇಲ್ಲ. ಚಂದ ಕಂಡಿತು, ಹೊಲಿದೆ, ಅಷ್ಟೇ. ನಿನ್ನ ಯಜಮಾನರು ಮೃತ್ಯುಂಜಯ ಅದನ್ನು ತಾವೇ ಶೋಕೇಸಿನ ನಡುವೆ ಇಟ್ಟು, "ಇವ್ಳು ನಮ್ಮನೆ ದೊಡ್ಮಗಳು ಕಣಕ್ಕ" ಎಂದರು.

ಎಂಟು ತಿಂಗಳ ಹಿಂದೆ ಅವರು ಮಾರನಹಳ್ಳಿ ಹತ್ತಿರ ಕಾರನ್ನು ರಸ್ತೆ ಪಕ್ಕಕ್ಕೆ ನಿಲ್ಲಿಸಿ, ಸ್ಟೀರಿಂಗ್ ಮೇಲೆ ತಲೆಯಿಟ್ಟವರು ಮತ್ತೆ ಏಳಲಿಲ್ಲವೆಂದು ಸುದ್ದಿ ಬಂದಾಗ ಸಿಕ್ಕ ಬಸ್ಸು ಹತ್ತಿ ಓಡಿ ಬಂದೆ. ನಿಮ್ಮ ಗೇಟಿನ ಹತ್ತಿರ ನಿನ್ನ ಸೋದರತ್ತೆ ಭದ್ರಮ್ಮ ಯಾರಿಗೋ ಹೇಳುತ್ತಿದ್ದರು: "ಗೃಹಪ್ರವೇಶದಲ್ಲೇ ಯಾವ್ದೋ ಕೆಟ್ಟ ವಸ್ತು ಮನೆ ಒಳಿಕ್ಕೆ ಬಂದೈತೆ ಕಣ್ರೀ. ಇಲ್ದಿದ್ರೆ ಗಟ್ಟಿಮುಟ್ಟಾಗಿದ್ದೋರು ಹಿಂಗ್ ಹೋಗ್ಬುಡ್ತಿದ್ರಾ?" ತೆರೆದ ಬಾಗಿಲಿನಿಂದ ಶೋಕೇಸು ಕಾಣುತ್ತಿತ್ತು. ಹಿಂದಕ್ಕೆ ತಿರುಗಿದವಳು ಮಗ್ಗೆಗೆ ಬಂದೇ ನಿಂತೆ. ಜ್ವರ ಎಂದು ಹೇಳಿ ಕಳಿಸಿದೆ.

ಮಣಿಯಿಂದ ಯಾರ ಎದೆಯೂ ನಿಲ್ಲುವುದಿಲ್ಲ ಎಂದು ನನಗೆ ಗೊತ್ತು. ಹದಿನೆಂಟು ವರ್ಷ ವಿಜ್ಞಾನ ಪಾಠ ಮಾಡಿದವಳು ನಾನು. ಆದರೂ ಎಂಟು ತಿಂಗಳಿಂದ ಸೂಜಿ ಹಿಡಿದ ಕೈ ಅದನ್ನು ಮತ್ತೆ ಡಬ್ಬಿಗೇ ಹಾಕಿಬಿಡುತ್ತದೆ. ಗೊತ್ತಿರುವುದು ಬೇರೆ, ಕೈ ನಂಬುವುದು ಬೇರೆ. ಇವೆರಡರ ನಡುವೆ ಸಿಕ್ಕಿ ಸಾಕಾಗಿ ಹೋಗಿದ್ದೇನೆ ಶ್ವೇತಾ.

ಹೋದ ಸೋಮವಾರ ಅಮ್ಮ ಇದ್ದಕ್ಕಿದ್ದಂತೆ ಕೇಳಿದಳು. "ಊರೋರಿಗೆಲ್ಲ ಸರ ಪೋಣಿಸ್ಕೊಟ್ಟೆ. ನನ್ ಮಣಿ ಆರ್ಸಿ ಇಟ್ಕಂಡಿದ್ಯಲ್ಲ, ಅದನ್ನ ಪೋಣಿಸ್ಕೊಡು. ಕುತ್ತಿಗೆ ಬರಿದಾಗಿ ಬ್ಯಾಸರ ಆಗೈತೆ." ನಾನು ಆರಿಸಿದ್ದನ್ನು ನೋಡಿಯೂ ನಾಲ್ಕು ವರ್ಷ ಸುಮ್ಮನಿದ್ದಳು. ಜನ ಏನಂದಾರು ಎಂದೆ. "ಅನ್ನೋರು ನನ್ ಸೊಂಟ ಎತ್ತಕ್ ಬತ್ತಾರಾ?" ಎಂದಳು. ಪೋಣಿಸಿಕೊಟ್ಟೆ. ಕಣ್ಣು ಸರಿಯಾಗಿ ಕಾಣದವಳು ಬೆರಳಲ್ಲೇ ಒಂದೊಂದು ಮಣಿ ತಡವಿ, "ದಪ್ಪ ಮಣಿ ಎರಡು ಎಲ್ಲಿ?" ಎಂದಳು.

ಆಗ ಬಾಯಿಬಿಟ್ಟೆ. ಗೊಂಬೆ, ನಿಮ್ಮ ಮನೆ, ಭದ್ರಮ್ಮನ ಮಾತು, ನಾನು ಓಡಿ ಬಂದದ್ದು, ಎಲ್ಲ ಹೇಳಿ ಅತ್ತೆ. ಅಮ್ಮ ಸಮಾಧಾನ ಮಾಡುತ್ತಾಳೆಂದುಕೊಂಡಿದ್ದೆ.

"ನಲವತ್ತೆಂಟು ವರ್ಷ ನಿಮ್ಮಪ್ಪ ಬದುಕಿದ್ದಾಗ್ಲೂ ಅದೇ ಮಣಿ ನನ್ ಕುತ್ತಿಗೇಲಿತ್ತು. ಅದು ಲೆಕ್ಕಕ್ಕಿಲ್ವಾ ನಿಂಗೆ?" ಎಂದಳು. ಸರವನ್ನು ಕುತ್ತಿಗೆಗೆ ಹಾಕಿಕೊಂಡು, "ಗಂಡ ಹೋದ ಹುಡುಗಿನ ಬಾಗ್ಲಲ್ಲೇ ಬುಟ್ಟು ಬಂದ್ಯಲ್ಲ. ಕೆಟ್ಟದ್ದು ಮಾಡಿದ್ದು ಮಣಿ ಅಲ್ಲ ಕಣೆ, ನೀನು" ಎಂದಳು.

ತಪ್ಪಾಯಿತು ಶ್ವೇತಾ. ಗೊಂಬೆಯ ವಿಷಯದಲ್ಲಲ್ಲ, ನಿನ್ನನ್ನು ಒಬ್ಬಳೇ ಬಿಟ್ಟ ವಿಷಯದಲ್ಲಿ. ಇದನ್ನು ಓದಿದ ಮೇಲೆ ಆ ಗೊಂಬೆಯನ್ನು ಹೇಮಾವತಿ ಹೊಳೆಗೆ ಬಿಡಬೇಕೆನಿಸಿದರೆ ಬಿಡು, ನನಗೆ ಬೇಸರವಿಲ್ಲ. ಇಟ್ಟುಕೊಂಡರೂ ಸರಿ. ಆ ಎರಡು ಮಣಿ ವಾಪಸು ಬೇಡ, ಗೊಂಬೆ ಕಣ್ಣು ಕಿತ್ತು ತನಗೇನಾಗಬೇಕು ಎಂದು ಅಮ್ಮ ಹೇಳಿದ್ದಾಳೆ.

ಭಾನುವಾರ ಬರುತ್ತೇನೆ. ಪಕ್ಕದ ಮನೆ ಮಾರಮ್ಮ ಅಮ್ಮನ ಜೊತೆ ಇರುತ್ತಾರೆ. ನೀನು ಬಾಗಿಲು ತೆಗೆಯದಿದ್ದರೆ ಮೆಟ್ಟಿಲ ಮೇಲೆ ಕೂತಿರುತ್ತೇನೆ, ಸಂಜೆಯ ಬಸ್ಸಿನವರೆಗೆ. ಅಮ್ಮ ಆ ದಿನ ಕೊನೆಯಲ್ಲಿ ಇನ್ನೊಂದು ಮಾತು ಕೇಳಿದಳು. ಎಂಟು ತಿಂಗಳಲ್ಲಿ ನನಗೆ ಒಮ್ಮೆಯೂ ಹೊಳೆಯದ ಮಾತು. "ಆ ಹುಡ್ಗಿ ಮಣಿ ಎಲ್ಲಿ ಎಸೆದ್ರು, ಕೇಳಿದ್ಯಾ?"

ಎಲ್ಲಿ ಶ್ವೇತಾ? ಜಾಗ ತೋರಿಸು. ಇಬ್ಬರೂ ಹುಡುಕೋಣ. ಸಿಕ್ಕಷ್ಟನ್ನು ಪೋಣಿಸಿ ಕೊಡುತ್ತೇನೆ. ಹಾಕಿಕೊಳ್ಳುವುದು ಬಿಡುವುದು ನಿನಗೆ ಬಿಟ್ಟದ್ದು.

ಹೊತ್ತಿಗೆ ಸರಿಯಾಗಿ ಉಣ್ಣು, ಕಣ್ಣು ತುಂಬ ನಿದ್ದೆ ಬರಲಿ. ಅಮ್ಮನೂ ನಿನ್ನನ್ನು ಹರಸಿದ್ದಾಳೆ.

ಬರಬೇಕಾದ ದಿನ ಬಾರದ,
ನಿನ್ನ ಗಿರಿಜಕ್ಕ