ಸಾವಿಲ್ಲದ ಸೂತಕ

ಮಾರ್ಚ್ 10, ಭಾನುವಾರ

ಚರ್ಚಿನ ಪೂಜೆ ಮುಗಿಸಿ ಬಂದದ್ದು, ಉಪವಾಸಕಾಲದ ಮೀನಿಲ್ಲದ ಊಟ ಉಂಡದ್ದು, ಪೇಪರ್ ತಿದ್ದಲು ಕೂತದ್ದು. ಎಂಟು ಪೇಪರಿಗೆ ತಲೆ ಕೆಟ್ಟಿತು.

ಸಂಜೆ ತಂಗಿ ಸೆಲಿನ್‌ಗೆ ಫೋನ್. ಅವಳು ಬ್ರದರ್ ತೋಬಿಯಾಸನ ಪ್ರಾರ್ಥನಾ ಕೂಟ ಸೇರಿ, ಅವರ ಹಾಸ್ಟೆಲ್‌ನಲ್ಲೇ ಇದ್ದುಬಿಟ್ಟ ಮೇಲೆ ಫೋನ್ ಎತ್ತಿದ್ದು ಇವತ್ತೇ. ಹಿಂದಿನಿಂದ ಯಾರೋ— "ಯಾರದು?" ಇವಳು— "ಯಾರೂ ಇಲ್ಲ. ಸತ್ತೋರ ಕಡೆಯೋರು."

ಕೂಟ ಸೇರದವರೆಲ್ಲ ಅವರ ಪಾಲಿಗೆ ಸತ್ತವರಂತೆ. ಅಂಥವರ ಮನೆಯಲ್ಲಿ ನೀರೂ ಕುಡಿಯಬಾರದಂತೆ. ಥೂ. ಅಪ್ಪ ಹೋದ ಮೇಲೆ ಕೂದಲು ಬಾಚಿ ಜಡೆ ಹಾಕಿ ಬೆಳೆಸಿದವಳು ನಾನು.

"ಏನಂದ್ಲೇ?" ಹೆತ್ತ ಅಮ್ಮಚ್ಚಿ ಪಕ್ಕದಲ್ಲೇ ಇದ್ದಳು.
"ಚೆನ್ನಾಗಿದಾಳಂತೆ."

ಅಣ್ಣನಿಗೆ ಮಾತ್ರ ನಿಜ ಹೇಳಿದೆ. ಹೇಳಬಾರದಿತ್ತು.

ಮಾರ್ಚ್ 13, ಬುಧವಾರ

ಅಣ್ಣ ಔಸೇಪ್ ಫಾದರ್‌ನ ಕರೆತಂದ. ನಮ್ಮ ಚರ್ಚಿನ ಪಾದ್ರಿ, ನನ್ನ ಸ್ಕೂಲಿನ ಮ್ಯಾನೇಜರೂ ಅವರೇ. ಹಲಸಿನ ಚಿಪ್ಸ್ ಒಂದು ತಟ್ಟೆ ಖಾಲಿ.

"ಅದು ಧರ್ಮ ಅಲ್ಲ ಟೀಚರೇ, ಕಲ್ಟು. ಹೆತ್ತವಳಿಂದ ಮಗಳನ್ನ ಕಿತ್ಕೊಳ್ಳೋದು ಧರ್ಮ ಹೇಗಾಗುತ್ತೆ?"

ಎಷ್ಟು ಸರಿಯಾಗಿ ಹೇಳಿದರು ಅಂದುಕೊಂಡೆ. ಗೇಟಿನ ಹತ್ತಿರ ಚಪ್ಪಲಿ ಮೆಟ್ಟುತ್ತಾ ಮುಂದುವರಿಸಿದರು— "ಅವಳು ಬಂದ್ರೆ ಒಳಗೆ ಸೇರಿಸ್ಬೇಡಿ. ಮೊದ್ಲು ಚರ್ಚಲ್ಲಿ ಎಲ್ಲರ ಮುಂದೆ ತಪ್ಪಾಯ್ತು ಅನ್ಲಿ. ಅಲ್ಲೀವರೆಗೂ ಯಾರೂ ಮಾತಾಡ್ಸೋದು ಬೇಡ."

"ಹಾಗಾದ್ರೆ ನಾವೇನು ಫಾದರ್?"

ನಕ್ಕರು. "ನಾವು ಎರಡು ಸಾವಿರ ವರ್ಷದಿಂದ ಇದೀವಿ ಟೀಚರೇ."

ಹಳತಾದರೆ ಉಪ್ಪಿನಕಾಯಿ ಚೆನ್ನಾಗಿರುತ್ತದೆ. ಇದೂ ಹಾಗೇನಾ?

ಮಾರ್ಚ್ 24, ಗರಿಗಳ ಭಾನುವಾರ

ಗುರುವಾರ ಪೆಸಹಾ, ಯೇಸುವಿನ ಕಡೆಯ ಊಟದ ದಿನ. ಇವತ್ತು ಚರ್ಚಲ್ಲಿ ಕೊಟ್ಟ ಗರಿಯಲ್ಲೇ ಶಿಲುಬೆ ಮಾಡಿ ಅಪ್ಪಂ ಮೇಲೆ ಇಡಬೇಕು. ಅಮ್ಮಚ್ಚಿ ಅಕ್ಕಿ ಹುರಿಯಲು ಒಲೆ ಹಚ್ಚಿದ್ದಳು.

"ಈ ಸಲ ಅಪ್ಪಂ ಮಾಡೋದು ಬೇಡ," ಅಣ್ಣ ಅಂದ.
"ಯಾಕೋ?"
"ಸಾವಾದ ಮನೇಲಿ ಮಾಡ್ತಾರಾ?"

ಸಾವಾದ ವರ್ಷ ಮನೆಯಲ್ಲಿ ಪೆಸಹಾ ಅಪ್ಪಂ ಬೇಯಿಸುವಂತಿಲ್ಲ. ನೆರೆಮನೆಯವರು ತಂದುಕೊಟ್ಟದ್ದನ್ನೇ ತಿನ್ನಬೇಕು. ಹುಟ್ಟಿದಾಗಿನಿಂದ ನೋಡಿದ್ದೇವೆ.

"ಯಾರೋ ಸತ್ತಿದ್ದು?" ಅಮ್ಮಚ್ಚಿಯ ಸೌಟು ನಿಂತಿತು.
"ನಿನ್ನ ಮುದ್ದಿನ ಮಗಳು. ನಾವು ಸತ್ತೋರಂತೆ ಅವಳಿಗೆ. ನಮಗೂ ಅವಳು ಸತ್ತಳು. ಫಾದರೂ ಒಪ್ಪಿದಾರೆ."
"ಹೆತ್ತವಳು ನಾನಿನ್ನೂ ಬದುಕಿದೀನಲ್ಲೋ! ನನ್ನ ಕೇಳಿದ್ಯಾ?"

ಅವನ ಮುಖದಲ್ಲಿ ಒಂದಿಷ್ಟಾದರೂ ದುಃಖವಿದೆಯಾ ಅಂತ ಹುಡುಕಿದೆ. ಗೆದ್ದವನ ಕಳೆ ಇತ್ತು.

ಮಾರ್ಚ್ 28, ಗುರುವಾರ. ಸಂಜೆ

ಬಾಳೆಲೆ ಮುಚ್ಚಿದ ತಟ್ಟೆ ಹಿಡಿದು ಪಕ್ಕದ ಮನೆ ಏಲಿಕುಟ್ಟಿ ಬಂದಳು. ಸಾವಿನ ಮನೆಗೆ ಬಂದವಳ ಹಾಗೆ ದನಿ ತಗ್ಗಿಸಿ— "ಕೊಡೋಕೆ ನಂಗೇ ನಾಚಿಕೆ ಟೀಚರೇ. ಫಾದರ್ ಚರ್ಚಲ್ಲೇ ಹೇಳ್ಬಿಟ್ರು, ನಿಮ್ಮನೇಗೆ ಅಪ್ಪಂ ಕೊಡ್ಬೇಕು ಅಂತ. ತರದಿದ್ರೆ ನಮ್ಮನ್ನೂ ಆ ಕಡೆಯೋರು ಅಂತ…"

ಅವಳ ಹಿಂದೆ ಇನ್ನಿಬ್ಬರು. ಎಲ್ಲರ ಕಣ್ಣೂ ನೆಲದ ಮೇಲೆ. ನಾನೂ ಕೈ ಚಾಚಿ ಇಸಿದುಕೊಂಡೆ, ಛೀ. ಅಮ್ಮಚ್ಚಿ ಕೋಣೆ ಸೇರಿದವಳು ಈಚೆ ಬಂದಿಲ್ಲ.

ಅದೇ ದಿನ ರಾತ್ರಿ, ಊಟವಿಲ್ಲದೆ

ಸೆಲಿನ್ ಬಂದಳು. ಒಬ್ಬಳೇ. ಒಂದು ಚೀಲ. ಅರ್ಧ ಆಗಿದ್ದಾಳೆ.

"ಅಲ್ಲಿಂದ ಬಂದ್ಬಿಟ್ಟೆ ಚೇಚಿ. ಇನ್ನು ಹೋಗಲ್ಲ. ತಿನ್ನೋಕೆ ಏನಾದ್ರೂ ಇದ್ಯಾ?"

ನಾನು ಕೈ ಹಿಡಿದು ಒಳಗೆ ಎಳೆದುಕೊಂಡೆ. ಅಣ್ಣ ಎದ್ದು ನಿಂತ. ಅಷ್ಟರಲ್ಲಿ ಅವಳಿಗೆ ಮೇಜು ಕಂಡಿತು— ಮೂರು ಮನೆಯ ಮೂರು ತಟ್ಟೆ, ಮೂರರಲ್ಲೂ ಅಪ್ಪಂ. ನಮ್ಮ ಒಲೆ ತಣ್ಣಗೆ. ನಾವು ಏನೂ ಹೇಳಬೇಕಾಗಿರಲಿಲ್ಲ. ಅವಳೂ ಇದೇ ಮನೆಯಲ್ಲಿ ಹುಟ್ಟಿದವಳು.

ಮುಖ ಬಿಳುಚಿತು. "ಚೇಚಿ… ಯಾರು ಹೋದ್ರು? ಅಮ್ಮಚ್ಚಿ ಎಲ್ಲಿ? ಅಮ್ಮಚ್ಚಿನಾ? ನಂಗ್ಯಾಕೆ ಹೇಳ್ಲಿಲ್ಲ?"

ಅಳುತ್ತಾ ಕೋಣೆಯ ಕಡೆ ಓಡಿದಳು. ಬಾಗಿಲು ತೆರೆದು ಅಮ್ಮಚ್ಚಿಯೇ ಎದುರು ಬಂದಳು. ಇಬ್ಬರೂ ತಬ್ಬಿಕೊಂಡರು. ಎಷ್ಟೋ ಹೊತ್ತಿನ ಮೇಲೆ ಸೆಲಿನ್ ಕಣ್ಣೊರೆಸಿಕೊಂಡು ಒಮ್ಮೆ ಮೇಜು ನೋಡಿದಳು, ಒಮ್ಮೆ ನಮ್ಮನ್ನು. ಅಮ್ಮಚ್ಚಿ ಇದ್ದಾಳೆ. ಅಣ್ಣ ಇದ್ದಾನೆ. ನಾನಿದ್ದೇನೆ. ಮನೆಯಲ್ಲಿ ಇನ್ನು ಉಳಿದವಳು ಒಬ್ಬಳೇ—