ಬಿಚ್ಚಿಟ್ಟ ಗಡಿಯಾರ

ಮನೆ, ಮೂರನೇ ಮಹಡಿ
ಮಾರ್ಚ್ ೧೪, ಭಾನುವಾರ ಸಂಜೆ

ಪ್ರೀತಿಯ ಗುಬ್ಬಿ,

ಹೇಗಿದ್ದೀಯೆ? ಹಡಗಿನ ಅಡುಗೆಮನೆಯ ಆ ಧಗೆಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಎಲ್ಲರಿಗೂ ಬಡಿಸಿ ತಳದಲ್ಲಿ ಉಳಿದದ್ದನ್ನು ಕೆರೆದು ತಿನ್ನುತ್ತೀಯೋ? ಸೊಂಟದ ನೋವು ಕಡಿಮೆಯಾಯಿತೇ?

ನನ್ನ ಸುದ್ದಿ ಕೇಳು, ಬೈಯಬೇಡ. ನಾನು ಆಸ್ಪತ್ರೆಯಿಂದ ಬಂದ ಮೇಲೆ ನೀನು ನನ್ನ ಮಣಿಕಟ್ಟಿಗೆ ಕಟ್ಟಿ ಹೋದೆಯಲ್ಲ, ನಾಡಿ, ಹೆಜ್ಜೆ, ನಿದ್ದೆ ಎಲ್ಲ ಎಣಿಸುವ ಗಡಿಯಾರ, ಅದನ್ನು ಬಿಚ್ಚಿಟ್ಟಿದ್ದೇನೆ. ಅಂಗಡಿಯಲ್ಲಿ ಕತ್ತರಿ ನಿಲ್ಲಿಸಿ ನಿಲ್ಲಿಸಿ ಅದರಲ್ಲಿ ನಾಡಿ ನೋಡಿಕೊಳ್ಳುತ್ತಿದ್ದೆ. ಅಂಕಿ ಏರಿದರೆ ಎದೆ ಧಸಕ್ಕೆನ್ನುತ್ತಿತ್ತು, ಎದೆ ಧಸಕ್ಕೆಂದರೆ ಅಂಕಿ ಇನ್ನೂ ಏರುತ್ತಿತ್ತು. ಕ್ಷೌರಕ್ಕೆ ಕೂತಿದ್ದ ಬಸ್ ಡ್ರೈವರ್ ಮಾಮನಂತೂ ಕನ್ನಡಿಯಲ್ಲೇ ನನ್ನನ್ನು ನೋಡಿ, “ಮೊದ್ಲು ನನ್ನ ತಲೆ ನೋಡಪ್ಪಾ, ಕೈ ಆಮೇಲೆ ನೋಡ್ಕೊಳ್ಳುವಿಯಂತೆ” ಎಂದುಬಿಟ್ಟ. ಸಂಜೆ ಮನೆಗೆ ಬಂದಾಗ ಅದರ ಲೆಕ್ಕಕ್ಕೆ ಹೆಜ್ಜೆ ಸಾಲದಿದ್ದರೆ, ಬಾಗಿಲು ಹಾಕಿಕೊಂಡು ಕುರ್ಚಿಯ ಸುತ್ತ ಗಾಣದ ಎತ್ತಿನ ಹಾಗೆ ಸುತ್ತುತ್ತಿದ್ದೆ. ನಿದ್ದೆ ಬಂದರೂ, ಬಂತೋ ಇಲ್ಲವೋ ಎಂದು ಅದನ್ನೇ ಕೇಳಬೇಕಿತ್ತು.

ಕೊನೆಗೆ ಡಾಕ್ಟರಮ್ಮನೇ ಹೇಳಿದರು: “ಮಾತ್ರೆ ಬಿಡ್ಬೇಡಿ, ತಪಾಸಣೆಗೆ ಬರೋದು ತಪ್ಪಿಸ್ಬೇಡಿ. ಇದನ್ನ ಮಾತ್ರ ಬಿಚ್ಚಿಡಿ. ಮೆಟ್ಟಿಲು ಹತ್ತಿದಾಗ ನಿಮಗೆ ಹೇಗನ್ಸತ್ತೆ, ಅದನ್ನ ಬಂದು ಹೇಳಿ.” ಹೇಗನ್ನಿಸುತ್ತದೆ ಎಂದು ನನ್ನನ್ನು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತು. ಅಲ್ಲೇ ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡೆ.

ಮೊದಮೊದಲು ಕೈ ಬೋಳುಬೋಳಾಗಿ ಕಂಡಿತು. ಈಗ ಸಂಜೆ ಬಂದರಿನ ಕಟ್ಟೆಯವರೆಗೆ ಮನಸ್ಸು ಬಂದಷ್ಟು ನಡೆಯುತ್ತೇನೆ, ಸಾಕೆನಿಸಿದರೆ ಕೂರುತ್ತೇನೆ. ಬರುವ ಹಡಗುಗಳಲ್ಲಿ ನಿನ್ನದಿಲ್ಲ ಎಂದು ಗೊತ್ತು, ಆದರೂ ಕಣ್ಣು ಕೇಳಬೇಕಲ್ಲ. ಹಸಿವು ಮರಳಿದೆ. ಕೆಲಸ ಮಾಡುವಾಗ ಗುನುಗುವ ಚಟವೂ ಮರಳಿದೆ, ಗಿರಾಕಿಗಳ ಪಾಡು ದೇವರಿಗೇ ಪ್ರೀತಿ.

ನಿನ್ನೆ ಕೆಳಗಿನ ಮನೆಯ ಟೈಲರ್ ಜೊತೆ ಹರಟುತ್ತ ಮೆಟ್ಟಿಲು ಹತ್ತಿದೆ. ಬಾಗಿಲಿಗೆ ಬಂದಾಗಲೇ ಗೊತ್ತಾದದ್ದು, ನಡುವೆ ಎಲ್ಲೂ ನಿಂತಿರಲಿಲ್ಲ. ಖುಷಿಯಲ್ಲಿ ಬೀಗ ತೆಗೆದು, “ಏಯ್, ಇಲ್ಲಿ ಕೇಳೇ” ಎಂದು ಕೂಗಿಯೇಬಿಟ್ಟೆ. ಒಳಗೆ ನಿನ್ನ ಚಪ್ಪಲಿ ಮಾತ್ರ ಇತ್ತು.

ಒಲೆಯ ಮುಂದೆ ನಿಲ್ಲುವ ನಿನ್ನ ಕಾಲಿಗೆ ಒಂದಿಷ್ಟು ವಿಶ್ರಾಂತಿ ಸಿಗಲಿ. ಜೊತೆಯವರಿಗೆಲ್ಲ ನನ್ನ ನೆನಪು ಹೇಳು.

ನಿನ್ನ
ಕತ್ತರಿರಾಯ

ತಾ.ಕ.: ಹಡಗಿನ ಕೆಲಸಕ್ಕೆ ಇನ್ನೊಂದು ವರ್ಷದ ಕರಾರಿಗೆ ಸಹಿ ಹಾಕಲೇ ಎಂದು ಕೇಳಿದ್ದೆಯಲ್ಲ, ನಾನು ಫೋನಿನಲ್ಲಿ ನಿನ್ನಿಷ್ಟ ಎಂದಿದ್ದೆ. ಹಾಕಬೇಡ, ಬಂದುಬಿಡು. ನನಗೆ ಹುಷಾರಿಲ್ಲ ಎಂದಲ್ಲ. ಹುಷಾರಾಗಿದ್ದೇನೆ, ಅದಕ್ಕೇ.