ಅಮ್ಮನ ಆಸ್ತಿ ಒಂದು ಡಬ್ಬಿ ಗುಂಡಿ

ಮನೆ,
ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಸಲಾಮ್. 'ಹೋದವನ ಚಪ್ಪಲಿ ಬಾಗಿಲಿಗೆ ಮುಖ ಮಾಡಿ ಕೂತಿದೆ.' ಕಾಲೇಜಿನ ಪತ್ರಿಕೆಗೆ ನೀನು ಬರೆದ ಕವಿತೆ ಹೀಗೇ ಶುರುವಾಗುತ್ತಿತ್ತಲ್ಲವೇ? ಮುಂದಿನ ಸಾಲು ಎಷ್ಟು ತಡಕಾಡಿದರೂ ಸಿಗುತ್ತಿಲ್ಲ. ಬೆಳಿಗ್ಗೆ ಹೊಸ್ತಿಲು ಗುಡಿಸುವಾಗ ನೆನಪಾಯಿತು, ಜೊತೆಗೆ ಒಂದು ಅನುಮಾನವೂ ಬಂತು. ಹೋದವನು ಚಪ್ಪಲಿ ಬಿಟ್ಟು ಹೋದನೇ? ಬರಿಗಾಲಲ್ಲಿ ಎಷ್ಟು ದೂರ ಹೋದಾನು? ಆಗ ಅದನ್ನು ಗೆಳತಿಯರಿಗೆಲ್ಲ ಓದಿ ಹೇಳಿ ಮೆರೆದಿದ್ದೆ. ಒಬ್ಬಳೂ ಈ ಪ್ರಶ್ನೆ ಕೇಳಲಿಲ್ಲ ನೋಡು.

ಹೇಗಿದ್ದೀಯ? ಬೆನ್ನುನೋವು ಇಳಿಯಿತೇ? ಇಡೀ ದಿನ ಕ್ರೇನಿನ ಗೂಡಿನಲ್ಲಿ ಕತ್ತು ಬಗ್ಗಿಸಿ ಕೂತರೆ ಬೆನ್ನು ಸುಮ್ಮನಿರುತ್ತದೆಯೇ, ನಡುನಡುವೆ ಎದ್ದು ನಿಲ್ಲು. 'ಅಷ್ಟು ಮೇಲೆ ಕೂತೋನನ್ನ ಊಟಕ್ಕೆ ಯಾರು ಕರೀತಾರೆ?' ಎಂದು ಅಮ್ಮ ಕೇಳುತ್ತಾಳೆ. ಅವಳ ಸೊಂಟದ ಮೂಳೆ ಕೂಡಿಕೊಂಡಿದೆ, ಆದರೂ ಮಂಚದಿಂದ ಏಳುವಾಗ ಹಿಡಿದುಕೊಳ್ಳಲು ಒಬ್ಬರು ಬೇಕು. ಕಿವಿ ಇನ್ನಷ್ಟು ಮಂದ, ಬಾಯಿ ಇನ್ನಷ್ಟು ಚುರುಕು. ಫೋನಿನಲ್ಲಿ ಇದನ್ನೆಲ್ಲ ಹೇಳಬಹುದಿತ್ತು. ಆದರೆ ನೀನು 'ಹೂಂ' ಬಿಟ್ಟು ಬೇರೆ ಮಾತಾಡುವುದಿಲ್ಲ, ಕಾಗದವಾದರೆ ಕೊನೆಯವರೆಗೂ ಓದಲೇಬೇಕು.

ನನ್ನ ಸುದ್ದಿ ಎಂದರೆ ಪರೀಕ್ಷೆಯೇ. ಇಸ್ಲಾಮಿಕ್ ಅಧ್ಯಯನದ ಎಂ.ಎ.ಗೆ ಪ್ರವೇಶ ಪರೀಕ್ಷೆ ಮುಂದಿನ ತಿಂಗಳು. 'ಈ ವಯಸ್ಸಲ್ಲಿ ಓದಾ ಅಕ್ಕಾ?' ಎಂದು ನಗಬೇಡ. ಸಾಹಿತ್ಯದ ಎಂ.ಎ. ಮಾಡಿ ಇಷ್ಟು ವರ್ಷ ಪ್ರೆಸ್ಸಿನಲ್ಲಿ ಕೂತು ಬೇರೆಯವರ ತಪ್ಪು ತಿದ್ದಿದ್ದಾಯಿತು. ಚಿಕ್ಕಂದಿನಿಂದ ಬಾಯಿಪಾಠ ಬಂದ ಮಾತುಗಳನ್ನು ಒಮ್ಮೆ ಅರ್ಥಮಾಡಿಕೊಂಡು ಹೇಳಬೇಕು ಅನ್ನಿಸುತ್ತದೆ, ಅಷ್ಟೇ. ತರಗತಿ ಮನೆಯಿಂದಲೇ, ಕಂಪ್ಯೂಟರಿನಲ್ಲಿ. ಪರೀಕ್ಷೆಗೆ ಮಾತ್ರ ಯೂನಿವರ್ಸಿಟಿಗೆ ಹೋಗಬೇಕು, ರೈಲಿನಲ್ಲಿ ಒಂದು ಹಗಲಿನ ದಾರಿ. ಹೋದ ವರ್ಷವೂ ಪ್ರವೇಶಪತ್ರ ಬಂದಿತ್ತು. ಅಮ್ಮನನ್ನು ಬಿಟ್ಟು ಹೋಗಲು ಮನಸ್ಸಾಗದೆ ಅದನ್ನು ಮಡಿಚಿಟ್ಟೆ. ಇನ್ನೊಂದು ವರ್ಷ ಮಡಿಚಿಟ್ಟರೆ ನನ್ನ ಆಸೆಯೂ ಅದರೊಳಗೇ ಉಳಿದುಬಿಡುತ್ತದೆ. ಈ ಸಲ ಅಮ್ಮನಿಗೆ ಏನಾದರೂ ಏರ್ಪಾಡು ಮಾಡುತ್ತೇನೆ, ನೀನು ತಲೆ ಕೆಡಿಸಿಕೊಳ್ಳಬೇಡ.

ಇತಿಹಾಸ ಸಲೀಸಾಗಿ ತಲೆಗೆ ಹತ್ತುತ್ತದೆ. ನನ್ನನ್ನು ಹೆದರಿಸುವುದು ವಾರಸುದಾರರ ಪಾಲಿನ ಲೆಕ್ಕ. ಸತ್ತವರು ಯಾರು, ಉಳಿದವರು ಯಾರು, ಯಾರಿಗೆ ಎಷ್ಟು ಎಂದು ಭಿನ್ನರಾಶಿಯಲ್ಲಿ ಹಂಚಬೇಕು. ಕಾಗದದ ಮೇಲೆ ಅದು ತಲೆಗೆ ಹತ್ತದೆ, ಅಮ್ಮನ ಹೊಲಿಗೆ ಡಬ್ಬಿಯ ಗುಂಡಿಗಳನ್ನೇ ಆಸ್ತಿ ಮಾಡಿಕೊಂಡು, ದಿನಾ ಸಂಜೆ ಮನೆಯವರನ್ನೇ ಒಬ್ಬೊಬ್ಬರಾಗಿ ಸಾಯಿಸುತ್ತಿದ್ದೇನೆ. ಅಮ್ಮನಿಗೆ ಇದು ಬಲು ಇಷ್ಟ. 'ನಿನ್ನೆ ತಾನೇ ಸತ್ತಿದ್ದೆ, ಇವತ್ತೂ ನಾನೇನಾ?' ಎಂದು ಗೊಣಗುತ್ತಲೇ ಸಿದ್ಧವಾಗುತ್ತಾಳೆ. ಒಮ್ಮೊಮ್ಮೆ 'ಹಸಿದ ಹೊಟ್ಟೇಲಿ ಆಗಲ್ಲಪ್ಪ, ಊಟ ಆದ್ಮೇಲೆ ಸಾಯ್ತೀನಿ' ಎಂದು ಮುಂದೂಡುವುದೂ ಉಂಟು. ಒಂದು ಸಂಜೆ ನಾನೇ ಸತ್ತೆ. ಅಪ್ಪ ಇಲ್ಲ, ನನಗೆ ಗಂಡ ಮಕ್ಕಳಿಲ್ಲ, ಹಾಗಾಗಿ ಅಮ್ಮನಿಗೆ ಮೂರರಲ್ಲಿ ಒಂದು ಪಾಲು, ಉಳಿದ ಎರಡೂ ನಿನಗೆ. ಅಮ್ಮ ಗುಂಡಿಗಳನ್ನು ಅಂಗೈಯಲ್ಲಿ ಮುಚ್ಚಿಟ್ಟುಕೊಂಡಳು. 'ಹೆತ್ತೋಳಿಗೆ ಒಂದು, ಕಾಗದ ಬರೀದೇ ಇರೋನಿಗೆ ಎರಡಾ?' ಎಂದಳು. ಇಂಥ ಪ್ರಶ್ನೆಗೆ ಉತ್ತರ ನನ್ನ ಪುಸ್ತಕದಲ್ಲಿಲ್ಲ.

ಮೊನ್ನೆ ಸಾಯುವ ಸರದಿ ನಿನ್ನದು, ಕ್ಷಮಿಸು. ಕಿಟಕಿ ತೆರೆದಿತ್ತು. ಅಮ್ಮನಿಗೆ ಕೇಳಲಿ ಎಂದು 'ಮಗ ಸತ್ತ! ಮದುವೆ ಆಗಿಲ್ಲ! ಉಳಿದೋರು ತಾಯಿ, ಒಬ್ಬಳು ಅಕ್ಕ!' ಎಂದು ಗಂಟಲು ಹರಿಯುವಂತೆ ಕೂಗಿ, ಒಲೆಯ ಮೇಲಿನ ಹಾಲು ನೋಡಲು ಒಳಗೆ ಹೋದೆ. ಪಕ್ಕದ ಮನೆಯ ನಿವೃತ್ತ ಕಂಡಕ್ಟರ್, ನೀನೇ ಹೆಸರಿಟ್ಟ ರೈಟ್‌ರೈಟ್ ಮಾಮ, ಇಸ್ತ್ರಿ ಮಾಡಿದ ಶರ್ಟು ತೊಟ್ಟು ಬಂದು ಅಮ್ಮನ ಮುಂದೆ ತಲೆ ತಗ್ಗಿಸಿ ನಿಂತರಂತೆ. ಅವರ ಮುಖ ನೋಡಿ ಅಮ್ಮ, 'ಯಾಕಣ್ಣಾ ಹೀಗಿದ್ದೀರಿ? ಗಟ್ಟಿಯಾಗಿರಿ, ಎಲ್ಲರಿಗೂ ಒಂದು ದಿನ ಇದ್ದದ್ದೇ' ಎಂದಳು. ಮಗನನ್ನು ಕಳೆದುಕೊಂಡವಳೇ ತಮಗೆ ಧೈರ್ಯ ಹೇಳುತ್ತಿದ್ದಾಳಲ್ಲ ಎಂದು ಅವರ ದುಃಖ ಕಟ್ಟೆಯೊಡೆಯಿತು. ಅವರು ಅತ್ತದ್ದು ನೋಡಿ ಅಮ್ಮನೂ ಅತ್ತಳು. ನಾನು ಹೊರಗೆ ಬಂದಾಗ ಇಬ್ಬರೂ ಕೈ ಕೈ ಹಿಡಿದುಕೊಂಡು ಬಿಕ್ಕುತ್ತಿದ್ದರು. ಸತ್ತವರು ಅವರ ಕಡೆಯವರೆಂದು ಅಮ್ಮ, ನಮ್ಮ ಕಡೆಯವರೆಂದು ಅವರು! ವಿಷಯ ತಿಳಿದ ಮೇಲೆ ಮಾಮ ಕಣ್ಣೊರೆಸಿಕೊಂಡು, 'ಲೆಕ್ಕಕ್ಕೆ ಸಾಯ್ಸೋದಾದ್ರೆ ಕಿಟಕಿ ಮುಚ್ಚಿ ಸಾಯ್ಸಮ್ಮ' ಎಂದು ರೇಗಿದರು. ಈಗ ದಿನಾ ಸಂಜೆ ಕಾಂಪೌಂಡಿನ ಆಚೆಯಿಂದ 'ಇವತ್ತು ಯಾರು ಹೋದ್ರು?' ಎಂದು ವಿಚಾರಿಸುತ್ತಾರೆ.

ಅವರು ಹೋದ ಮೇಲೆ ಅಮ್ಮ ಗುಂಡಿಗಳನ್ನು ತನ್ನ ಮುಂದೆ ಎಳೆದುಕೊಂಡಳು. ಆಮೇಲೆ, 'ಸತ್ತಿಲ್ಲ, ಬಂದೂ ಇಲ್ಲ. ಅಂಥೋನಿಗೆ ನಿನ್ನ ಪುಸ್ತಕದಲ್ಲಿ ಏನಾದ್ರೂ ಇದ್ಯಾ?' ಎಂದಳು. ಇದೆ, ತಮ್ಮಾ. ಎಲ್ಲಿದ್ದಾನೋ ಇದ್ದಾನೋ ಇಲ್ಲವೋ ತಿಳಿಯದವನ ಪಾಲನ್ನು ಬೇರೆಯವರು ಮುಟ್ಟುವಂತಿಲ್ಲ, ಅವನ ಸುದ್ದಿ ತಿಳಿಯುವವರೆಗೆ ಎತ್ತಿಡಬೇಕು. ಇಷ್ಟು ವರ್ಷ ಕವಿತೆ ಓದಿದವಳು ನಾನು. ಕಣ್ಣಿಗೆ ಕಾಣದವನಿಗೂ ಜಾಗ ಬಿಡುವ ಗಣಿತವೊಂದಿದೆ ಎಂದು ಗೊತ್ತಿರಲಿಲ್ಲ. ಆದರೆ ಅಮ್ಮನಿಗೆ ನಿಜವನ್ನೇ ಹೇಳಿದೆ: ನಮ್ಮವನು ಕಾಣೆಯಾದವನಲ್ಲ, ವಿಳಾಸ ಇದೆ, ಸಂಬಳ ಇದೆ, ಸೋಮಾರಿ ಅಷ್ಟೇ, ಸೋಮಾರಿಗಳಿಗೆ ಬೇರೆ ಅಧ್ಯಾಯ ಇಲ್ಲ. ಅವಳು ನಕ್ಕಳು. ನಗುತ್ತಲೇ ದೊಡ್ಡ ಗುಂಡಿಗಳನ್ನೆಲ್ಲ ಆರಿಸಿ ಒಂದು ಲೋಟದಲ್ಲಿ ಹಾಕಿ ತಲೆದಿಂಬಿನ ಪಕ್ಕ ಇಟ್ಟುಕೊಂಡಳು. ಕೇಳಿದರೆ ಕೊಡುವುದಿಲ್ಲ. ದೊಡ್ಡ ಲೆಕ್ಕಗಳಿಗೆ ನನಗೀಗ ಆಸ್ತಿಯೇ ಸಾಲುತ್ತಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಮೇಲೆ ಗಾಳಿ ಜೋರಿದ್ದರೆ ಕಿವಿ ಮುಚ್ಚಿಕೋ. ಅಮ್ಮನ ದುವಾ ನಿನಗೆ ದಿನಾ ಇದ್ದೇ ಇದೆ, ನನ್ನದನ್ನೂ ಸೇರಿಸಿಕೋ.

ಇಂತಿ ನಿನ್ನ
ಅಕ್ಕ (ದಿನಕ್ಕೊಬ್ಬರನ್ನು ಸಾಯಿಸುವವಳು)

ಮತ್ತೆ — ಅಂಟಿಸಿದ ಕವರನ್ನು ಬಿಚ್ಚಿ ಬರೆಯುತ್ತಿದ್ದೇನೆ. ಏನಾದರೂ ಏರ್ಪಾಡು ಮಾಡುತ್ತೇನೆ ಎಂದೆನಲ್ಲ, ಮಾಡಲು ಏನೂ ಉಳಿದಿಲ್ಲ. ಹೊರಗಿನವರ ಕೈ ಹಿಡಿದು ಏಳಲು ಅಮ್ಮ ಒಪ್ಪುತ್ತಿಲ್ಲ. ಪರೀಕ್ಷೆ ಎರಡನೇ ಭಾನುವಾರ. ಶನಿವಾರ ಬೆಳಿಗ್ಗೆ ಹೊರಟರೆ ಸೋಮವಾರ ಸಂಜೆ ಬರುತ್ತೇನೆ, ಆ ಮೂರು ದಿನ ನೀನು ಬಂದು ಅಮ್ಮನ ಹತ್ತಿರ ಇರು. ನೀನು ಬಂದರೆ ಮಾತ್ರ ನಾನು ಹೋಗುವುದು. ರೈಟ್‌ರೈಟ್ ಮಾಮ ಪೇಟೆಗೆ ಹೊರಟವರು ಕಾಗದ ಅಂಚೆಗೆ ಹಾಕಲು ಬಾಗಿಲಲ್ಲಿ ಕಾಯುತ್ತಿದ್ದಾರೆ. ಇಷ್ಟನ್ನೂ ಅವರಿಗೆ ಓದಿ ಹೇಳಿದೆ. ಕೇಳಿ ಅವರು ಅಂದದ್ದನ್ನು ಹಾಗೇ ಬರೆಯುತ್ತೇನೆ: 'ಅವನು ಸತ್ತ ಅಂದಾಗ ಶರ್ಟಿಗೆ ಇಸ್ತ್ರಿ ಹಾಕ್ಕೊಂಡು ಓಡಿ ಬಂದೋನು ನಾನು. ಬದುಕಿದ್ದೀನಿ ಅಂತ ತೋರ್ಸೋಕೆ ಅವನಿಗೆ ಒಂದು ಬಸ್ಸು ಹತ್ತೋಕಾಗಲ್ವಾ, ಕೇಳಮ್ಮ!'